ಪೀರಮ್ಮನ ಪದಕ್ಕೆ ಎಷ್ಟು ಸೌಂಡು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಎಂಬತ್ತೇಳನೆಯ ಇಸವಿಯ ಅಲಾಯಿ ಹಬ್ಬದಲ್ಲಿ ನಾನು ಆ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗಿದ್ದೇನೆ. ವೆಂಕೋಬ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾನೆ, ಬಿಸಿರೊಟ್ಟಿ ಕಂಡರೆ ಬಿಡುವುದಿಲ್ಲ. ಎದುರಿಗೆ ಮಾತಾಡುವಾಗ ‘ರೀ’ ಅನ್ನುತ್ತೇನೆ. ಕಥೆ ಹೇಳುವಾಗ ಅಷ್ಟು ಮರ್ಯಾದೆ ಸಾಧ್ಯವಿಲ್ಲ.

ಬಳಗಾನೂರು ದಾಟಿ ಕಾಲುವೆಯ ದಂಡೆ ಹಿಡಿದು ಹೋದರೆ ನಮ್ಮೂರು. ನಮ್ಮಲ್ಲಿ ಅಲಾಯಿಗೆ, ಅಂದರೆ ಮೊಹರಮ್ಮಿಗೆ, ಹಿಂದೂ, ಮುಸಲ್ಮಾನ ಎಂಬ ಲೆಕ್ಕವಿಲ್ಲ. ಪೀರುಗಳನ್ನು, ಅಂದರೆ ಹಸ್ತದ ಆಕಾರದ ದೇವರುಗಳನ್ನು, ಎಲ್ಲರೂ ಸೇರಿ ಮಸೀದಿಯಲ್ಲಿ ಕೂಡಿಸುತ್ತಾರೆ; ಹರಕೆಯ ಸಕ್ಕರೆ ಓದಿಸುವುದು, ಚೊಂಗೆ ಎಂಬ ಸಿಹಿರೊಟ್ಟಿ ಮಾಡುವುದು ಎಲ್ಲ ಮನೆಯಲ್ಲೂ ನಡೆಯುತ್ತದೆ. ಮಸೀದಿಯ ಮುಂದಿನ ಬೆಂಕಿಕುಣಿಯ ಸುತ್ತ ಹೆಜ್ಜೆ ಹಾಕುತ್ತ ಪದ ಹೇಳುತ್ತಾರೆ. ಆ ಪದದಲ್ಲಿ ಯಾರನ್ನು ಬೇಕಾದರೂ ಬಯ್ಯಬಹುದು. ಗೌಡ, ಶಾನುಭೋಗ, ಸ್ವಂತ ಅತ್ತೆ, ಯಾರಿಗೂ ವಿನಾಯಿತಿ ಇಲ್ಲ. ನಮ್ಮೂರ ರಿವಾಜು ಒಂದೇ. ಪದದಲ್ಲಿ ಹೆಸರು ಬಂದವನು ಅದು ಸುಳ್ಳೆಂದು ಹೇಳಬೇಕಾದರೆ ಒಂದು ಮುಷ್ಟಿ ಉಪ್ಪನ್ನು ಕುಣಿಗೆ ಹಾಕಬೇಕು. ಉಪ್ಪು ಹಾಕಿ ಸುಳ್ಳು ಹೇಳಿದವನ ಮನೆ ಉದ್ಧಾರವಾಗುವುದಿಲ್ಲ. ಉಪ್ಪು ಹಾಕದಿದ್ದರೆ ಪದ ನಿಜವೆಂದು ಊರು ತಿಳಿದುಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು, ಜಗಳವನ್ನು ಮನೆಗೆ ಒಯ್ಯುವಂತಿಲ್ಲ.

ಇಷ್ಟು ಚೆಂದದ ವ್ಯವಸ್ಥೆಯನ್ನು ಕೆಡಿಸಿದ್ದು ನನ್ನ ಗಂಡನ ಮೈಕ್‌ಸೆಟ್ಟು.

ಆ ವರ್ಷ ಮಂಡಲ ಪಂಚಾಯಿತಿ ಚುನಾವಣೆ ಆಗಿತ್ತು. ಛತ್ರಿ ಗುರುತಿನ ಅಂಬಪ್ಪ ಗೆದ್ದು ಪ್ರಧಾನನಾದ. ಎತ್ತಿನಗಾಡಿ ಗುರುತಿನ ದುರುಗಪ್ಪ ಸೋತು ಸುಮ್ಮನೆ ಕೂಡದ ಮನುಷ್ಯನಾದ. ವೆಂಕೋಬ ಸಿಂಧನೂರಿನಿಂದ ಹೊಸದಾಗಿ ತಂದಿದ್ದ ಮೈಕ್‌ಸೆಟ್ಟನ್ನು ಬಂಡಿಗೆ ಕಟ್ಟಿಕೊಂಡು ‘ಛತ್ರಿಗೇ ನಿಮ್ಮ ಮತ’ ಎಂದು ಪುಕ್ಕಟೆ ಕೂಗಿದ್ದ. ಮನೆಯಲ್ಲಿ ಒಂದು ಕೊಡ ನೀರು ತಂದುಕೊಡಿ ಎಂದರೆ ಗಂಟಲು ನೋವು ಎನ್ನುವ ಮನುಷ್ಯ! ಆ ಸಿಟ್ಟಿಗೇ ನಾನು ಎತ್ತಿನಗಾಡಿಗೆ ಒತ್ತಿ ಬಂದೆ. ಇದು ಅವನಿಗೆ ಗೊತ್ತಿರಲಿಲ್ಲ.

ಹಬ್ಬ ಬಂತು. ‘ಈ ಸಲ ಮೈಕಿನ್ಯಾಗ ಪದ ಆಗಲಿ’ ಎಂದು ಹುಡುಗರು ಕುಣಿದಾಡಿದರು. ವೆಂಕೋಬ ಬೇವಿನ ಮರಕ್ಕೆ ಹಾರ್ನು ಕಟ್ಟಿ, ಕೆಳಗೆ ಕುರ್ಚಿ ಹಾಕಿಕೊಂಡು ಪೆಟ್ಟಿಗೆಯ ಮುಂದೆ ಕುಳಿತ. ಮೊದಲ ದಿನವೇ ದುರುಗಪ್ಪನ ಮೇಲೆ ಒಂದು ಪದ ಬಂತು. ಅದು ಎಷ್ಟು ಗಟ್ಟಿಯಾಗಿ ಕೇಳಿಸಿತೆಂದರೆ ಕಾಲುವೆಯ ಆಚೆ ದನ ಕಾಯುವವರೂ ನಕ್ಕರು. ಆಮೇಲೆ ಅಂಬಪ್ಪನ ಮೇಲೆ ಒಂದು ಪದ ಶುರುವಾಯಿತು. ಹಾರ್ನು ಹಸಿದ ಕರುವಿನ ಹಾಗೆ ಒಂದು ಸಲ ಕೂಗಿ ಸುಮ್ಮನಾಯಿತು. ಹಾಡುವವನ ಬಾಯಿ ಆಡುತ್ತಿತ್ತು, ಪಕ್ಕದಲ್ಲಿ ನಿಂತವನಿಗೂ ಕೇಳುತ್ತಿರಲಿಲ್ಲ. ಹಲಗೆಯ ಸಪ್ಪಳವೇ ಜೋರಾಗಿತ್ತು.

“ಏನಲೇ ವೆಂಕೋಬ, ಏನಾತು?” ಎಂದು ದುರುಗಪ್ಪ ಎದ್ದ.

“ಬ್ಯಾಟರಿ ಇಳದೈತಿ, ನಾ ಏನ ಮಾಡ್ಲಿ?” ಎಂದ ನನ್ನ ಗಂಡ.

ಮುಂದಿನ ಪದ ದುರುಗಪ್ಪನ ಟ್ರ್ಯಾಕ್ಟರಿನ ಮೇಲೆ ಬಂತು, ಬ್ಯಾಟರಿ ಏರಿತು. ಇಂಥ ಬ್ಯಾಟರಿ ಜಗತ್ತಿನಲ್ಲಿ ಎಲ್ಲೂ ಇರಲಿಕ್ಕಿಲ್ಲ. ವೆಂಕೋಬ ಯಾರಿಗೂ ಹಾಡಬೇಡ ಅನ್ನಲಿಲ್ಲ, ಯಾರ ಕೈಯಿಂದಲೂ ಮೈಕು ಕಸಿಯಲಿಲ್ಲ. ಸೌಂಡಿನ ಬಟನ್ನನ್ನು ಒಂದಿಷ್ಟು ಎಡಕ್ಕೆ ತಿರುವುತ್ತಿದ್ದ, ಅಷ್ಟೇ. ಕೇಳಿದರೆ ಪಾಪದ ಮುಖ.

ಎರಡನೆಯ ದಿನ ಪೀರಮ್ಮ ಎದ್ದಳು. ಪೀರಮ್ಮ ನನ್ನ ಗೆಳತಿ. ನಾಟಿಯ ಸಾಲಿನಲ್ಲಿ ಅವಳ ದನಿ ಇದ್ದರೆ ನಮಗೆ ಸೊಂಟದ ನೋವು ಗೊತ್ತಾಗುವುದಿಲ್ಲ. ಅವಳಿಗೆ ಕಾಲುವೆಯ ಕೊನೆಯಲ್ಲಿ ಒಂದು ಎಕರೆ ಗದ್ದೆ. ಬೇರೆಯವರ ಹೊಲದಲ್ಲಿ ವರ್ಷಗಟ್ಟಲೆ ನಾಟಿ ಹಚ್ಚಿ ಕೊಂಡ ಭೂಮಿ ಅದು, ಈ ವರ್ಷವೇ ಮೊದಲ ಬಾರಿ ಸ್ವಂತಕ್ಕೆ ಭತ್ತ ಹಚ್ಚಿದ್ದಳು. ಸಸಿ ಬೇರು ಹಿಡಿಯುವ ಹೊತ್ತಿಗೆ ನೀರು ಬರುವುದು ನಿಂತಿತು. ಕಾಲುವೆ ಮೇಲ್ಗಡೆ ತುಂಬಿ ಹರಿಯುತ್ತಿತ್ತು, ಅವಳ ಗದ್ದೆ ಮಾತ್ರ ಬಿರಿಯತೊಡಗಿತ್ತು. ಪ್ರಧಾನನ ಮನೆಗೆ ಹೋದರೆ ‘ನೋಡೂಣ’ ಅಂದರು. ನೀರಾವರಿಯವರು ಸಿಗಲಿಲ್ಲ. ಇನ್ನು ನಾಲ್ಕು ದಿನ ಹೀಗೇ ಆದರೆ ಸಸಿ ಸುಟ್ಟುಹೋಗುತ್ತಿತ್ತು. ಅವಳಿಗೆ ಉಳಿದದ್ದು ಅಲಾಯಿ ಕುಣಿ ಒಂದೇ.

“ಕಾಲುವಿ ನೀರು...” ಎಂದು ಅವಳು ಎತ್ತಿದ ಕೂಡಲೆ ಹಾರ್ನು ಸತ್ತಿತು.

ನಾನು ಅವತ್ತು ಎಲ್ಲರ ಎದುರಿಗೆ, “ವೆಂಕೋಬ, ಸೌಂಡ್ ಕೊಡ್ರಿ!” ಎಂದು ಕೂಗಿದೆ. ಅವನು ಹೆಸರು ಕೇಳಿ ಬೆಚ್ಚಿಬಿದ್ದ, ಬಟನ್ನು ಮಾತ್ರ ಮುಟ್ಟಲಿಲ್ಲ. ಪೀರಮ್ಮ ಮೈಕನ್ನು ನೆಲಕ್ಕಿಟ್ಟು ಮನೆಗೆ ಹೋದಳು. ಅವಳು ಅಳುವುದನ್ನು ನಾನು ನೋಡಿರಲಿಲ್ಲ, ಅವತ್ತು ನೋಡಿದೆ.

ದುರುಗಪ್ಪನ ಕಡೆಯವರು ಗಲಾಟೆ ಮಾಡಿ ಅರ್ಧ ದಿನ ಬಟನ್ನು ತಮ್ಮ ಕೈಗೆ ಬೇಕೆಂದರು. ಕೊಟ್ಟರು. ಅವರ ಕೈಯಲ್ಲಿ ಅಂಬಪ್ಪನ ಮೇಲಿನ ಬೈಗುಳ ಮುಗಿಲಿಗೆ ಮುಟ್ಟಿತು, ದುರುಗಪ್ಪನ ಹೆಸರು ಬಂದಲ್ಲೆಲ್ಲ ಅದೇ ಬ್ಯಾಟರಿ ಇಳಿಯಿತು. ಆಮೇಲೆ ವೆಂಕೋಬನೂ ದುರುಗಪ್ಪನ ಕಡೆಯವನೊಬ್ಬನೂ ಪೆಟ್ಟಿಗೆಯ ಎಡಬಲಕ್ಕೆ ಕುಳಿತು ಒಬ್ಬ ಏರಿಸುವುದು, ಒಬ್ಬ ಇಳಿಸುವುದು ಶುರುವಾಯಿತು. ಹಾರ್ನು ಕುಂಯ್ ಎಂದು ಒದರಿ ನಾಯಿಗಳೆಲ್ಲ ಊರು ಬಿಟ್ಟು ಓಡಿದವು.

ಪೀರುಗಳನ್ನು ನೋಡಿಕೊಳ್ಳುವ ಹಿರಿಯಜ್ಜ, ಮುಜಾವರ ಅಮೀನ್‌ಸಾಬ್ ಮುತ್ಯಾ ತಲೆ ಹಿಡಿದುಕೊಂಡು ಹಿರಿಯರನ್ನು ಕೂಡಿಸಿದ. “ನನ್ನ ಹಬ್ಬದಾಗ ಪಾರ್ಟಿ ಬ್ಯಾಡಪಾ. ಮೈಕಿನ್ಯಾಗ ಪಾರ್ಟಿ ಪದ ಬಂದ್,” ಎಂದ. ಅಂಬಪ್ಪನೂ ದುರುಗಪ್ಪನೂ ಒಂದೇ ಉಸಿರಿನಲ್ಲಿ ಒಪ್ಪಿದರು. ಅವರಿಬ್ಬರೂ ಒಪ್ಪಿದ್ದನ್ನು ಕಂಡಾಗಲೇ ನನಗೆ ಇದರಲ್ಲಿ ಏನೋ ಐಬಿದೆ ಅನಿಸಿತ್ತು.

ಬಟನ್ನು ಯಾರ ಕೈಗೆ ಎಂಬ ಮಾತು ಬಂತು. ಯಾವ ಪಾರ್ಟಿಯೂ ಇಲ್ಲದವರು ಬೇಕು. ಗಂಡಸರಲ್ಲಿ ಅಂಥವರು ಸಿಗಲಿಲ್ಲ.

“ಸೂಗಮ್ಮನ್ನ ಕೂಡಿಸ್ರಿ. ಹೆಣ್ಮಕ್ಕಳಿಗೆ ಎಲ್ಲೀ ಪಾರ್ಟಿ?” ಎಂದ ಅಂಬಪ್ಪ, ನನ್ನ ಕಡೆ ಕೈ ತೋರಿಸಿ. ಎಲ್ಲರೂ ಹೂಂ ಎಂದರು. ಮೈಕ್‌ಸೆಟ್ಟು ಮನೆಯದೇ, ಹಚ್ಚಲಿಕ್ಕೆ ಆರಿಸಲಿಕ್ಕೆ ಬರುತ್ತದೆ, ವೆಂಕೋಬನ ಹೆಂಡತಿ ಎಂದ ಮೇಲೆ ಛತ್ರಿಯ ನೆರಳಿನಲ್ಲೇ ಇರುತ್ತಾಳೆ ಎಂದು ಅವನ ಲೆಕ್ಕ. ನಾನು ತಲೆಯ ಮೇಲೆ ಸೆರಗು ಹೊದ್ದು, ಪಾರ್ಟಿ ಅಂದರೇನು ಎಂದೇ ತಿಳಿಯದವಳ ಹಾಗೆ ಹೋಗಿ ಕುರ್ಚಿಯಲ್ಲಿ ಕುಳಿತೆ.

ಕೊನೆಯ ದಿನ ಮಧ್ಯಾಹ್ನ, ಪೀರುಗಳು ವಿಸರ್ಜನೆಗೆಂದು ಹಳ್ಳಕ್ಕೆ ಹೊರಡುವ ಮುಂಚೆ, ಪೀರಮ್ಮ ಮತ್ತೆ ಬಂದಳು. ಮೈಕು ಹಿಡಿದಳು, “ಕಾಲುವಿ” ಎಂದಳು.

“ಏ, ತಡಿ. ನೀರಿನ ಪದ ಅಂದ್ರ ಪಾರ್ಟಿ ಪದ. ಬಂದ್ ಮಾಡಸ್ರಿ,” ಎಂದ ಅಂಬಪ್ಪ. ದುರುಗಪ್ಪ ಯಾಕೋ ಅವನ ಪರವಾಗಿ ಗೋಣು ಹಾಕಿದ.

ಅಮೀನ್‌ಸಾಬ್ ಮುತ್ಯಾ ನನ್ನ ಕಡೆ ತಿರುಗಿದ. “ಬಟನ್ ನಿನ್ನ ಕೈಯಾಗೈತಿ ಬೇ. ನೀರು ಪಾರ್ಟಿ ಹೌದೋ ಅಲ್ಲೋ, ನೀನ ಹೇಳು.”

ಊರೆಲ್ಲ ನನ್ನನ್ನೇ ನೋಡಿತು. ವೆಂಕೋಬ ದೂರದಿಂದ ಕಣ್ಣು ಸನ್ನೆ ಮಾಡುತ್ತಿದ್ದ. ನನಗೆ ಒಳಗೊಳಗೇ ಖುಷಿಯೋ ಖುಷಿ.

“ಮುತ್ಯಾ, ಪಾರ್ಟಿ ಅಂದ್ರ ಐದು ವರ್ಷಕ್ಕೊಮ್ಮಿ. ನೀರು ದಿನಾ ಬೇಕಲ್ಲರೀ,” ಎಂದೆ. ಬಟನ್ನನ್ನು ಪೂರ್ತಿ ಬಲಕ್ಕೆ ತಿರುವಿದೆ. “ಹಾಡು ಪೀರಮ್ಮ.”

ಹಲಗೆಗೆ ಪೆಟ್ಟು ಬಿತ್ತು. ಪೀರಮ್ಮನ ದನಿ ಬೇವಿನ ಮರದಿಂದ ಊರ ಮೇಲೆ ಇಳಿಯಿತು.

*ಕಾಲುವಿ ನೀರು ಬಿಟ್ಟಾರಂತ ಡಂಗುರ ಹೊಡದಾರ*
*ನನ್ನ ಗದ್ದಿಗೆ ಬರೋ ಮುಂದ ದಾರಿ ಮರೆಸ್ಯಾರ*
*ದಂಡಿ ಕೆಳಗ ಪೈಪು ಹೂತು ಎಳದು ಒಯ್ದಾರ*
*ಅಂಬಪ್ಪಣ್ಣನ ಗದ್ದಿ ಒಳಗ ಮೀನ ಈಜ್ಯಾವ*

ಜನ ಹೋ ಎಂದರು. ಅಂಬಪ್ಪನ ಮುಖ ಸಣ್ಣದಾಯಿತು. ಉಪ್ಪಿನ ಬುಟ್ಟಿ ಕುಣಿಯ ಅಂಚಿನಲ್ಲೇ ಇತ್ತು. ಅವನು ಅದರ ಕಡೆ ನೋಡಿದ, ಕೈ ಚಾಚಲಿಲ್ಲ. ದುರುಗಪ್ಪ ಚಪ್ಪಾಳೆ ಹೊಡೆಯಲಿಲ್ಲ, ಅದು ನನಗೆ ವಿಚಿತ್ರವೆನಿಸಿತು. ಪೀರಮ್ಮ ಒಂದು ಸುತ್ತು ಹೆಜ್ಜೆ ಹಾಕಿ ಮತ್ತೆ ಎತ್ತಿದಳು.

*ಪೈಪು ಹೊತ್ತು ತಂದ ಗಾಡಿ ಯಾರದು ಹೇಳವ್ವ*
*ಸೋತ ಅಣ್ಣನ ಟ್ರ್ಯಾಕ್ಟರಂತ ಊರಿಗೆ ಗೊತ್ತವ್ವ*
*ಹಗಲು ಹೊತ್ತು ಇಬ್ಬರು ಕೂಡಿ ಕಚ್ಚಾಡ್ತಾರವ್ವ*
*ಬಾಡಿಗಿ ಮಾತು ಬಂದರ ಸಾಕು ಬೀಗರು ಕಾಣವ್ವ*

ದುರುಗಪ್ಪ ಯಾಕೆ ಗೋಣು ಹಾಕಿದ್ದನೆಂದು ಅಲ್ಲಿಗೆ ತಿಳಿಯಿತು. ದುರುಗಪ್ಪ ಕೆಮ್ಮಿದ, ಟವೆಲ್ಲಿನಿಂದ ಮುಖ ಒರೆಸಿಕೊಂಡ, ಉಪ್ಪಿನ ಬುಟ್ಟಿಯಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇಂಥ ಬುದ್ಧಿಗೇಡಿಗೆ ನನ್ನ ಓಟು ಹಾಕಿದೆನಲ್ಲ ಎಂದು ಒಂದು ಗಳಿಗೆ ಉರಿಯಿತು, ಆದರೂ ನಕ್ಕೆ. ನನ್ನ ಕೈ ಬಟನ್ನಿನ ಮೇಲೇ ಇತ್ತು, ಆ ಕುರ್ಚಿಯಲ್ಲಿ ನನಗಿಂತ ನ್ಯಾಯವಂತರು ಯಾರೂ ಕುಳಿತಿಲ್ಲವೆಂದು ಅನಿಸುತ್ತಿತ್ತು.

ಪೀರಮ್ಮ ಹೆಜ್ಜೆ ನಿಲ್ಲಿಸಿದಳು. ಈ ಸಲ ಅವಳು ಕುಣಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

*ದೊಡ್ಡ ಪೈಪಿಗೆ ಮರಿಪೈಪೊಂದು ಪಕ್ಕದ ಹೊಲಕೈತಿ*
*ಮೈಕಿನಣ್ಣನ ಮಡಿಗೆ ಅದರ ನೀರು ಸೇರತೈತಿ*
*ಪುಕ್ಕಟಿ ಕೂಗಿದ ಗಂಟಲಿಗದು ಸಿಕ್ಕ ಇನಾಮೈತಿ*
*ಸೂಗವ್ವಕ್ಕ ನಿನ್ನ ಅನ್ನದಾಗ ನನ್ನ ನೀರೈತಿ*

ನನಗೆ ಮೊದಲು ಅರ್ಥವೇ ಆಗಲಿಲ್ಲ. ಜನ ನಗುವುದನ್ನು ನಿಲ್ಲಿಸಿದ ಮೇಲೆ ಅರ್ಥವಾಯಿತು. ನಮ್ಮ ಹೊಲ ಅಂಬಪ್ಪನ ಹೊಲಕ್ಕೆ ಹತ್ತಿಕೊಂಡೇ ಇದೆ. ಈ ವರ್ಷ ನಮ್ಮ ಭತ್ತ ಹಸಿರು ಗಿಣಿಯ ಹಾಗಿತ್ತು. ದೇವರು ಕಣ್ಣು ತೆರೆದ ಎಂದು ನಾನು ಎರಡು ಸಲ ಸಕ್ಕರೆ ಓದಿಸಿದ್ದೆ.

ಪೀರಮ್ಮ ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡಳು. ನಮ್ಮಲ್ಲಿ ಕೊನೆಯ ಸಾಲನ್ನು ಮೂರು ಸಲ ಹೇಳುತ್ತಾರೆ. ನನ್ನ ಕಿವಿಗೆ ಬಿಸಿ ಏರಿತು. ಗೆಳತಿಯಾಗಿ ಮನೆಗೆ ಬಂದು ಹೇಳಬಹುದಿತ್ತಲ್ಲ, ಇಷ್ಟು ಮಂದಿಯ ಎದುರಿಗೆ ಯಾಕೆ, ಇದು ಪದವೇ ಅಲ್ಲ, ಮಾನ ಕಳೆಯುವುದು, ಹಬ್ಬಕ್ಕೆ ಇದು ಚೆಂದವಲ್ಲ — ಎಷ್ಟು ಕಾರಣಗಳು! ಒಂದಕ್ಕಿಂತ ಒಂದು ನ್ಯಾಯವಾಗಿ ಕಾಣುತ್ತಿದ್ದವು. ನನ್ನ ಬೆರಳು ತಾನಾಗಿಯೇ ಎಡಕ್ಕೆ ತಿರುಗಿತು. ‘ನಿನ್ನ ಅನ್ನದಾಗ’ ಎಂಬಲ್ಲಿ ಹಾರ್ನು ಕೂದಲೆಳೆಯಷ್ಟು ಇಳಿಯಿತು. ಬೇರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಪೀರಮ್ಮನಿಗೆ ಗೊತ್ತಾಯಿತು. ಅವಳು ಹಾಡು ನಿಲ್ಲಿಸಲಿಲ್ಲ, ಕಣ್ಣನ್ನೂ ಕದಲಿಸಲಿಲ್ಲ.

ನಾನು ಬಟನ್ನನ್ನು ಬಲಕ್ಕೆ ತಿರುವಿದೆ, ಇನ್ನು ತಿರುಗುವುದಿಲ್ಲ ಅನ್ನುವವರೆಗೂ. ಮೂರನೆಯ ಸಲದ ಸಾಲು ಕಾಲುವೆ ದಾಟಿ ಬಳಗಾನೂರಿಗೇ ಹೋಗಿರಬೇಕು.

ಎಲ್ಲರೂ ವೆಂಕೋಬನನ್ನು ನೋಡುತ್ತಿದ್ದರು. ಅವನು ನಡೆದು ಬಂದು ಬುಟ್ಟಿಯಿಂದ ಒಂದು ಮುಷ್ಟಿ ಉಪ್ಪು ತೆಗೆದುಕೊಂಡ.

“ಹಾಕ್ರಿ ನೋಡೂಣು. ಆಮ್ಯಾಲೆ ಮನಿಗಿ ಬರ್ರಿ,” ಎಂದೆ. ಮೈಕು ಹತ್ತಿರದಲ್ಲೇ ಇದ್ದುದರಿಂದ ಅದೂ ಊರಿಗೆಲ್ಲ ಕೇಳಿತು.

ವೆಂಕೋಬ ನಿಂತ. ಬೆವರಿಗೆ ಉಪ್ಪು ಕೈಯಲ್ಲೇ ಕರಗುತ್ತಿತ್ತು. ಕೊನೆಗೆ ಮುಷ್ಟಿಯನ್ನು ಮತ್ತೆ ಬುಟ್ಟಿಯಲ್ಲೇ ಸಡಿಲಿಸಿ, “ಪದ ಖರೇ ಐತ್ರಿ,” ಎಂದ. ಸಣ್ಣ ದನಿಯಲ್ಲಿ ಹೇಳಿದ. ಅಮೀನ್‌ಸಾಬ್ ಮುತ್ಯಾ ಮೈಕನ್ನು ಅವನ ಬಾಯಿಗೆ ಹಿಡಿದು, “ಇನ್ನೊಮ್ಮಿ ಹೇಳಪಾ, ಬ್ಯಾಟರಿ ಇಳದಂಗ ಕಾಣತೈತಿ,” ಎಂದ. ಊರು ನಕ್ಕ ನಗೆಗೆ ಮರದ ಕಾಗೆಗಳೆಲ್ಲ ಎದ್ದವು. ಅಂಬಪ್ಪನೂ ಬೇರೆ ದಾರಿಯಿಲ್ಲದೆ ನಕ್ಕ. ನಗುತ್ತಲೇ, ಬೆಳಿಗ್ಗೆ ಪೈಪು ಕೀಳಿಸುವುದಾಗಿ ಹೇಳಿದ. ದುರುಗಪ್ಪ ಟ್ರ್ಯಾಕ್ಟರು ಕೊಡುವೆನೆಂದ. ಬಾಡಿಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪೀರುಗಳು ಹಳ್ಳಕ್ಕೆ ಹೋಗಿ ಬಂದ ಮೇಲೆ ಮನೆಯಲ್ಲಿ ವೆಂಕೋಬ ಮುಖ ಊದಿಸಿಕೊಂಡು ಕುಳಿತಿದ್ದ.

“ನಿನ್ನ ಕೈಯಾಗ ಇತ್ತಲ್ಲ. ಕಟ್ಕೊಂಡ ಗಂಡನ ಸಲುವಾಗಿ ಒಂದೀಟು ಸಣ್ಣ ಮಾಡಿದ್ರ ಏನಾಗ್ತಿತ್ತು?”

“ಮಾಡಿದ್ನಲ್ಲ,” ಎಂದೆ. “ನಿಮ್ಮ ಸಲುವಾಗಿ ಅಲ್ಲ, ನನ್ನ ಸಲುವಾಗಿ. ಪೀರಮ್ಮ ನೋಡಿದ್ಲು.”

ಅವನು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. ಚೊಂಗೆಯ ತಾಟನ್ನು ನನ್ನ ಕಡೆ ಸರಿಸಿದ.

ಬೆಳಿಗ್ಗೆ ಇಬ್ಬರೂ ಗುದ್ದಲಿ ಹೊತ್ತು ಕಾಲುವೆಗೆ ಹೋಗಿ ನಮ್ಮ ಮರಿಪೈಪನ್ನು ನಾವೇ ಅಗೆದು ತೆಗೆದೆವು. ಅಂಬಪ್ಪನ ದೊಡ್ಡ ಪೈಪೂ ಮೇಲೆ ಬಂತು, ಮಧ್ಯಾಹ್ನದ ಹೊತ್ತಿಗೆ ನೀರು ಪೀರಮ್ಮನ ಗದ್ದೆಗೆ ಮುಟ್ಟಿತು. ಅವಳು ಕೆಸರಿನಲ್ಲಿ ನಿಂತು ಬಾಗಿದ ಸಸಿಗಳನ್ನು ಒಂದೊಂದಾಗಿ ನೆಟ್ಟಗೆ ಮಾಡುತ್ತಿದ್ದಳು. ನಾನು ಬದುವಿನ ಮೇಲೆ ನಿಂತೆ, ಇಳಿಯಲೋ ಬೇಡವೋ ತಿಳಿಯಲಿಲ್ಲ.

“ಸೌಂಡ್ ಒಂಚೂರು ಇಳಸಿದ್ದಿ, ಹೌದಿಲ್ಲೋ?” ಎಂದಳು ತಲೆ ಎತ್ತದೆ.

“ಹೌದು.”

“ಮತ್ತ ಏರಸಿದ್ದಿ.”

“ಹೌದು.”

“ಹಂಗಾರ ಇಳಿ, ಆ ಸಾಲು ನೀ ನೋಡು,” ಎಂದಳು. ನಾನು ಸೀರೆ ಕಚ್ಚೆ ಹಾಕಿಕೊಂಡು ಕೆಸರಿಗಿಳಿದೆ.