ದೇವೀರಮ್ಮ ಮಗ್ಗದಿಂದ ಎದ್ದದ್ದು

ಕೊಳ್ಳೇಗಾಲದ ಆ ನೇಯ್ಗೆ ಬೀದಿಯಲ್ಲಿ ದೇವೀರಮ್ಮನಿಗಿದ್ದಷ್ಟು ಜಂಬ ಇನ್ಯಾರಿಗೂ ಇರಲಿಲ್ಲ. ಇರಬೇಕಾದ್ದೇ ಬಿಡಿ. ಬೆಳಿಗ್ಗೆ ಆರಕ್ಕೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ಆಯಮ್ಮ ಏಳುತ್ತಿದ್ದದ್ದು ಮಧ್ಯಾಹ್ನದ ಊಟಕ್ಕೇ. ನಡುವೆ ಒಂದು ಗುಟುಕು ನೀರಿಲ್ಲ, ಬಚ್ಚಲಿನ ಕಡೆ ತಲೆ ಹಾಕುವುದಿಲ್ಲ. ಗಂಡಸರೇ ಎರಡೆರಡು ಸಲ ಬೀಡಿ ನೆಪದಲ್ಲಿ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುವಾಗ ಈಕೆ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ.

ಅದಕ್ಕೊಂದು ಕಾರಣವೂ ಇತ್ತು. ಎದ್ದು ಬಂದು ಮತ್ತೆ ಕೂತರೆ ಮೊದಲ ನಾಲ್ಕು ಏಟು ಹದಕ್ಕೆ ಬೀಳುವುದಿಲ್ಲ, ಸೀರೆಗೆ ಅಡ್ಡಲಾಗಿ ಕೂದಲಷ್ಟು ಸಣ್ಣ ಗೀಟು ಬೀಳುತ್ತದೆ. ಆ ನಾಲ್ಕು ಎಳೆ ಬಿಚ್ಚಿ ಮತ್ತೆ ನೇಯಬೇಕು. ಪದೇ ಪದೇ ಎದ್ದರೆ ಪದೇ ಪದೇ ಬಿಚ್ಚಬೇಕು. "ಏಳೋ ಹೆಂಗಸು ನೇಯೋ ಹೆಂಗಸಲ್ಲ" ಎಂದು ಅತ್ತೆ ಹೇಳಿಕೊಟ್ಟದ್ದನ್ನು ಮೂವತ್ತಾರು ವರ್ಷ ಪಾಲಿಸಿದ್ದಳು. ಸಾಹುಕಾರ ರಂಗರಾಜು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮ ಸೀರೆಲಿ ಗೀಟು ಹುಡುಕಾಕೆ ನಾನು ಇನ್ನೊಂದು ಜನ್ಮ ಎತ್ತಿ ಬರಬೇಕು ಕಣಮ್ಮ" ಅಂದಾಗ ಮುಖ ಊರಗಲ ಆಗುತ್ತಿತ್ತು.

ಗಂಡ ರಾಮಲಿಂಗಯ್ಯನದು ಬಣ್ಣದ ಕೆಲಸ. ಹಿತ್ತಲಲ್ಲಿ ಹಂಡೆ ಕುದಿಸಿ ರೇಷ್ಮೆ ಅದ್ದುವುದು, ಬಚ್ಚಲಲ್ಲಿ ಜಾಲಿಸುವುದು. ಆ ಮನೆಯ ಮೋರಿಯಲ್ಲಿ ಒಂದು ದಿನ ಹಳದಿ ಹರಿದರೆ ಇನ್ನೊಂದು ದಿನ ನೇರಳೆ. ಅದರಿಂದಲೇ ಎಡವಟ್ಟಾದದ್ದು. ಆ ಎರಡು ತಿಂಗಳು ಪೂರ್ತಿ ಕುಂಕುಮಗೆಂಪಿನ ಕೆಲಸ. ಕೈಯೆಲ್ಲ ಕೆಂಪು, ಬಚ್ಚಲ ಕಲ್ಲೆಲ್ಲ ಕೆಂಪು. ತಾನು ಕೂತೆದ್ದ ಜಾಗದಲ್ಲೂ ಕೆಂಪು ಕಂಡಾಗ ದೇವೀರಮ್ಮ ಒಂದು ಚೊಂಬು ನೀರು ಹುಯ್ದು ಬಂದಳು. ಉರಿಯಾದಾಗ ಉಷ್ಣ ಅಂದುಕೊಂಡು ಮಜ್ಜಿಗೆ ಕುಡಿದಳು.

ಸೊಸೆ ಚೈತ್ರ ಶಾಗ್ಯದ ರೈತರ ಮನೆಯ ಹುಡುಗಿ. ಅವಳ ಗಂಡ ಸ್ವಾಮಿ, ಗೋಪಿನಾಥಂಗೆ ಹೋಗುವ ಬಸ್ಸಿನ ಕಂಡಕ್ಟರ್; ಮನೆಯಲ್ಲಿ ಇರುವುದಕ್ಕಿಂತ ಘಾಟಿಯಲ್ಲಿ ಇರುವುದೇ ಹೆಚ್ಚು. ಚೈತ್ರಳಿಗೆ ಮಗ್ಗ ಬಾರದು. "ಲಾಳಿ ಹಿಡಿ ಅಂದ್ರೆ ಕುಡ್ಲು ಹಿಡ್ದಂಗೆ ಹಿಡೀತಾಳೆ" ಎಂದು ಅತ್ತೆ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಆ ಸೊಸೆಯೇ ಒಂದು ಬೆಳಿಗ್ಗೆ ಬಚ್ಚಲು ತೊಳೆಯುತ್ತಾ ಪೊರಕೆ ಕೆಳಗಿಟ್ಟು ಬಂದಳು.

"ಅತ್ತೆ, ಮಗ್ಗದ ಮ್ಯಾಲೆ ಇರಾದು ಗಿಳಿಹಸ್ರು. ಮಾವ ಕೆಂಪು ಮುಟ್ಟಿ ಹದಿನೈದು ದಿಸ ಆಯ್ತು. ನೀವು ಓಗಿ ಬಂದ್ಮೇಲೆ ಕಲ್ಲು ಮ್ಯಾಲೆ ಈ ಕೆಂಪು ಎಲ್ಲಿಂದ ಬತ್ತದೆ?"

ದೇವೀರಮ್ಮನ ಕೈಯಲ್ಲಿದ್ದ ಲಾಳಿ ನಿಂತಿತು. ಹಸಿರು ಸೀರೆ, ಹಸಿರು ಕೈ. ಅಯ್ಯೋ ಶಿವನೇ, ಹೌದಲ್ಲ! ಬಣ್ಣ ನೋಡಿ ನೋಡಿ ಮುದಿಯಾದ ಕಣ್ಣಿಗೆ ತನ್ನ ರಕ್ತ ಗೊತ್ತಾಗಲಿಲ್ಲ.

ಊರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದವರು, "ಮೂತ್ರಕೋಶದ ಒಳಗೆ ಗಡ್ಡೆ ಥರ ಇದೆ, ಕ್ಯಾನ್ಸರ್ ಇರಬಹುದು, ಮೈಸೂರಿಗೆ ಹೋಗಿ" ಎಂದರು. ಆ 'ಇರಬಹುದು' ಎಂಬ ಮಾತು ದಾರಿಯಲ್ಲೇ ಎಲ್ಲೋ ಬಿದ್ದುಹೋಯಿತು. ಬೀದಿ ಮುಟ್ಟುವ ಹೊತ್ತಿಗೆ ಉಳಿದದ್ದು ಕ್ಯಾನ್ಸರ್ ಒಂದೇ. ರಾಮಲಿಂಗಯ್ಯ ಹಂಡೆಯ ಒಲೆ ಆರಿಸಿ ಜಗಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮಗ್ಗ ನಿಂತಿತು. ಆಮೇಲೆ ಎದುರು ಮನೆಯದು. ಹಾಗೇ ಒಂದೊಂದಾಗಿ ಬೀದಿಯೇ ಮೌನವಾಯಿತು.

ಆ ಬೀದಿಯಲ್ಲಿ ಹಾಡುಹಗಲೇ ಎಲ್ಲಾ ಮಗ್ಗ ನಿಲ್ಲುವುದು ಹೆಣ ಬಿದ್ದಾಗ ಮಾತ್ರ. ಒಳಗೆ ಕೂತಿದ್ದ ದೇವೀರಮ್ಮನಿಗೆ ಅದು ಕೇಳಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿಗೆ ಬಂದು ನಿಂತಳು.

"ಯಾರ್ರೇ ಅದು ಮಗ್ಗ ನಿಲ್ಸಿರಾದು? ನಾನಿನ್ನೂ ಬದುಕಿವ್ನಿ ಕಣ್ರೇ! ಕೂತ್ಕಂಡು ನೇಯ್ರಿ! ನನ್ ತಿಥಿ ವಡೆ ತಿನ್ನಾಕೆ ಅಷ್ಟೊಂದು ಅವಸರವಾ?"

ಮಗ್ಗಗಳು ಗಾಬರಿಯಿಂದ ಮತ್ತೆ ಶುರುವಾದವು. ಆದರೆ ಒಳಗೆ ಬಂದವಳು ಬಾಗಿಲು ಹಾಕಿಕೊಂಡು ಅತ್ತಳು. ಭಯವಾಗಿತ್ತು. ಸಾವಿನ ಭಯ ಇತ್ತು, ಸುಳ್ಳೇಕೆ. ಅದಕ್ಕಿಂತ ಹೆಚ್ಚಾಗಿ, ಇನ್ನು ಆ ಗುಂಡಿಗೆ ಕಾಲಿಳಿಸಲು ಆಗದಿದ್ದರೆ ತಾನು ಯಾರು ಎಂಬ ಭಯ.

ಮೈಸೂರಿಗೆ ಹೊರಡಿಸುವುದೇ ದೊಡ್ಡ ರಾಮಾಯಣವಾಯಿತು. ಹಸಿರು ಸೀರೆ ಇನ್ನೂ ಎರಡು ಮೊಳ ಬಾಕಿ. "ಮುಗ್ಸಿ ಬತ್ತೀನಿ" ಎಂದು ಪಟ್ಟು ಹಿಡಿದಳು. ಗಂಡ ಬೇಡಿಕೊಂಡ, ಮಗ ಫೋನಿನಲ್ಲಿ ಗದರಿದ. ಏನೂ ನಡೆಯಲಿಲ್ಲ. ಕೊನೆಗೆ ಚೈತ್ರ ಸೀದಾ ಹೋಗಿ ಮಗ್ಗದ ಗುಂಡಿಗೆ ಕಾಲಿಟ್ಟಳು.

"ಸರಿ, ನೀವು ಓಗ್ಬೇಡಿ. ಉಳ್ದಿದ್ದು ನಾನೇ ನೇಯ್ತೀನಿ."

"ಏಳಮ್ಮಿ ಮ್ಯಾಕೆ!" ದೇವೀರಮ್ಮ ಕಿಟಾರನೆ ಕಿರುಚಿದಳು. "ನನ್ ಸೀರೆ ಮುಟ್ಟುದ್ರೆ ಕೈ ಮುರಿತೀನಿ!"

"ಹಂಗಾರೆ ಬಸ್ಸು ಅತ್ತಿ."

ಹತ್ತಿದಳು. ಮಗ್ಗದ ಮೇಲೆ ಬಿಳಿ ಪಂಚೆ ಹೊದಿಸಿ, ಕೋಣೆಗೆ ಬೀಗ ಹಾಕಿ, ಬೀಗದಕೈಯನ್ನು ತಾಳಿಸರಕ್ಕೆ ಕಟ್ಟಿಕೊಂಡೇ ಹತ್ತಿದಳು.

ಮೈಸೂರಿನ ಡಾಕ್ಟರ್ ಆಶಾರಾಣಿ ಸಣ್ಣಗೆ ಇದ್ದ ಹೆಂಗಸು, ಮಾತು ಇನ್ನೂ ಸಣ್ಣದು. ಬೆಳಕಿನ ಕೊಳವೆ ಹಾಕಿ ಒಳಗೆಲ್ಲ ನೋಡಿದ ಮೇಲೆ ದೇವೀರಮ್ಮ ನೇರವಾಗಿ ಕೇಳಿದಳು: "ಅದೇಯಾ?"

"ನೋಡಕ್ಕೆ ಹಾಗೇ ಇದೆ. ಆದ್ರೆ ಬರೀ ನೋಡಿ ನಾನು ಹೇಳಲ್ಲಮ್ಮ. ಕ್ಯಾನ್ಸರ್ ಥರಾನೇ ಕಾಣೋ ಬೇರೆ ಕಾಯಿಲೆಗಳೂ ಇವೆ. ಗಡ್ಡೆ ತೆಗೆದು ಲ್ಯಾಬಿಗೆ ಕಳಿಸ್ತೀನಿ. ಅಲ್ಲಿಂದ ಬರೋವರೆಗೂ ಯಾರು ಏನೇ ಅಂದ್ರೂ ನಂಬಬೇಡಿ."

ಈ ಮಾತು ದೇವೀರಮ್ಮನಿಗೆ ಹಿಡಿಸಿತು. ಮೇಲ್ಮೈ ನೋಡಿ ಸೀರೆಗೆ ಬೆಲೆ ಕಟ್ಟುವವರನ್ನು ಕಂಡರೆ ಅವಳಿಗೆ ಮೊದಲಿಂದಲೂ ಆಗದು. ಸೀರೆಯ ಒಳಮೈ ತಿರುಗಿಸಿ ನೋಡಬೇಕು, ಎಳೆ ಎಲ್ಲಿ ಹುಟ್ಟಿದೆ, ಎಲ್ಲಿ ತಿರುಗಿದೆ ಎಲ್ಲ ಅಲ್ಲೇ ಗೊತ್ತಾಗುವುದು. "ಈಯಮ್ಮ ಕೆಲ್ಸ ಗೊತ್ತಿರೋಳು ಕಣಮ್ಮಿ" ಎಂದು ಸೊಸೆಯ ಕಿವಿಯಲ್ಲಿ ಹೇಳಿದಳು.

ಆಪರೇಷನ್ ಆಯಿತು. ರಿಪೋರ್ಟಿಗೆ ಹತ್ತು ದಿನ. ಆ ಹತ್ತು ದಿನ ದೇವೀರಮ್ಮ ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ, ಯಾರನ್ನೂ ಬೈಯಲಿಲ್ಲ. ಬೈಯದೇ ಇದ್ದದ್ದು ನೋಡಿ ರಾಮಲಿಂಗಯ್ಯ ಹೆದರಿ ಅರ್ಧ ಆದ.

ಹನ್ನೊಂದನೆಯ ದಿನ ಡಾಕ್ಟರು ಕಾಗದವನ್ನು ಎರಡು ಸಲ ಓದಿ ತಲೆ ಎತ್ತಿದರು. "ಕ್ಯಾನ್ಸರ್ ಅಲ್ಲ."

ರಾಮಲಿಂಗಯ್ಯ ಅಲ್ಲೇ ಕೈಮುಗಿದು ಬಿಳಿಗಿರಿರಂಗನನ್ನು ಕೂಗಿಬಿಟ್ಟ. ಡಾಕ್ಟರು ನಕ್ಕು, ಬಿಡಿಸಿ ಹೇಳಿದರು. ಮತ್ತೆ ಮತ್ತೆ ಸೋಂಕಾಗಿ, ಮೂತ್ರಕೋಶದ ಒಳಗೋಡೆ ಉರಿಯೂತದಿಂದ ದಪ್ಪಗಾಗಿ ಗಂಟುಗಟ್ಟಿದೆ. ಸ್ಕ್ಯಾನಿನಲ್ಲಿ, ಬರಿಗಣ್ಣಿಗೆ, ಗಡ್ಡೆಯಂತೆಯೇ ಕಾಣುತ್ತದೆ. ಆಮೇಲೆ ಕೇಳಿದರು: "ದಿನಕ್ಕೆ ಎಷ್ಟು ನೀರು ಕುಡೀತೀರಿ? ಎಷ್ಟು ಹೊತ್ತು ತಡಕೊಳ್ತೀರಿ?"

ದೇವೀರಮ್ಮ ಎದೆ ಸೆಟೆಸಿ ಹೇಳಿದಳು. "ಬೆಳಗ್ಗೆ ಆರಕ್ಕೆ ಕೂತ್ರೆ ಊಟಕ್ಕೇ ಏಳಾದು. ನೀರು ಮುಟ್ಟಾಕಿಲ್ಲ. ಮೂವತ್ತಾರು ವರ್ಸ."

ಡಾಕ್ಟರು ಭೇಷ್ ಅನ್ನಲಿಲ್ಲ. ಪೆನ್ನು ಕೆಳಗಿಟ್ಟರು. "ಅಮ್ಮ, ಇಷ್ಟೆಲ್ಲ ಆಗೋಕೆ ಅದೂ ಒಂದು ಕಾರಣ ಇರಬಹುದು. ಇನ್ಮೇಲೆ ಎರಡು ಗಂಟೆಗೊಮ್ಮೆ ಏಳ್ಬೇಕು. ನೀರು ಕುಡೀಬೇಕು. ಆರು ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು."

ಬಸ್ಸಿನಲ್ಲಿ ಯಳಂದೂರು ದಾಟುವವರೆಗೂ ದೇವೀರಮ್ಮ ತಾಳಿಸರದ ಬೀಗದಕೈಯನ್ನೇ ತಿರುಗಿಸುತ್ತಾ ಕೂತಳು. ಕ್ಯಾನ್ಸರ್ ಅಲ್ಲ ಎಂಬ ಸಂತೋಷಕ್ಕಿಂತ ಆ ಇನ್ನೊಂದು ಮಾತೇ ಚುಚ್ಚುತ್ತಿತ್ತು. ಯಾವುದನ್ನು ಕಿರೀಟ ಅಂದುಕೊಂಡು ಮೆರೆದಳೋ ಅದೇ ಒಳಗೊಳಗೆ ತಿಂದಿತ್ತು. ಚೈತ್ರ ಬಾಟಲಿ ಮುಂದೆ ಚಾಚಿದಳು. ಅತ್ತೆ ದುರುಗುಟ್ಟಿಕೊಂಡು ನೋಡಿ, ಗಟಗಟ ಪೂರ್ತಿ ಕುಡಿದಳು.

ತಿಂಗಳು ಕಳೆದು ಡಾಕ್ಟರು ಸೈ ಅಂದ ಮೇಲೆ ಬೀಗ ತೆಗೆದು ಮಗ್ಗಕ್ಕೆ ಕೂತಳು. ಮೈಯಲ್ಲಿ ಮೊದಲ ಕಸುವಿರಲಿಲ್ಲ, ಮಗ್ಗದ ಉದ್ದೆಳೆಗಳ ಹಾಸೂ ಸಡಿಲವಾಗಿತ್ತು. ಬಿಟ್ಟಲ್ಲಿಂದ ಹೊಡೆದಳು, ಗೀಟು ಬಿತ್ತು. ಬಿಚ್ಚಿದಳು, ಹೊಡೆದಳು; ಮತ್ತೆ ಗೀಟು. ಮೂರನೇ ಸಲವೂ ಹಾಗೇ ಆದಾಗ ಕೈ ಕಟ್ಟಿ ಅದನ್ನೇ ನೋಡುತ್ತಾ ಕೂತಳು. "ಇರ್ಲಿ ಬುಡು" ಅಂದುಕೊಂಡು ಮುಂದಕ್ಕೆ ನೇಯ್ದಳು. ಎರಡು ಗಂಟೆಗೊಮ್ಮೆ ಎದ್ದಳು, ಎದ್ದಾಗೆಲ್ಲ ನಾಲ್ಕು ಎಳೆ ಬಿಚ್ಚಿದಳು. ಉಳಿದ ಎರಡು ಮೊಳದಲ್ಲಿ ಬೇರೆ ಗೀಟು ಬೀಳಲಿಲ್ಲ.

ರಂಗರಾಜು ಸೀರೆಯನ್ನು ಬೆಳಕಿಗೆ ಹಿಡಿದವನು ಹಾಗೇ ನಿಂತ. "ಇದೇನಮ್ಮ, ನಿಮ್ಮ ಸೀರೆಲಿ ಗೀಟು! ಸೊಸೆ ಕೈ ಹಾಕಿದ್ಳಾ?"

"ನಂದೇ ಕೈಯಿ. ನಾನು ಎದ್ದಿದ್ದು ಕಣಪ್ಪ ಅದು. ಎದ್ದು ಮೈಸೂರಿಗೆ ಓದೆ, ಬದುಕಿ ಬಂದೆ." ಸೀರೆಯನ್ನು ಅವನ ಕೈಯಿಂದ ಕಿತ್ತುಕೊಂಡು ಚೈತ್ರಳ ಹೆಗಲಿಗೆ ಹೊದಿಸಿದಳು. "ಇದು ಮಾರಾಕಲ್ಲ. ಕೆಂಪ್ಯಾವ್ದು, ರಕ್ತ ಯಾವ್ದು ಅಂತ ನನಗಿಂತ ಮುಂಚೆ ಕಂಡೋಳು ಇವ್ಳು. ಇವ್ಳೇ ಉಡ್ಲಿ."

ಚೈತ್ರ ಸೆರಗನ್ನು ಬೆಳಕಿಗೆ ತಿರುಗಿಸಿ ಆ ಗೀಟಿನ ಮೇಲೆ ಬೆರಳಾಡಿಸಿದಳು. ಗಡಿಯಾರ ಹತ್ತು ಹೊಡೆಯಿತು. ದೇವೀರಮ್ಮ ಚೊಂಬು ತುಂಬಿಕೊಂಡು ಜಗಲಿಗೆ ಹೋದಳು. ಮೂವತ್ತಾರು ವರ್ಷ ಮಗ್ಗದ ಸದ್ದಿನ ಮೇಲೆ ಕೂಗಿ ಪಳಗಿದ ಗಂಟಲು ಅದು, ಬೀದಿಯ ಕೊನೆ ಮನೆಗೂ ಮುಟ್ಟಿತು.

"ಏಳ್ರೇ ಎಲ್ಲಾ! ನೀರು ಕುಡೀರಿ, ಬಚ್ಚಲಿಗೆ ಓಗ್ಬನ್ನಿ! ದೇವೀರಮ್ಮನೇ ಎದ್ದವ್ಳೆ, ನಿಮ್ದೇನ್ರೇ ದೊಡ್ಡದು!"

ಪಕ್ಕದ ಮನೆಯ ಮಗ್ಗ ನಿಂತಿತು. ಆಮೇಲೆ ಎದುರು ಮನೆಯದು. ಹಾಗೇ ಒಂದೊಂದಾಗಿ ಬೀದಿಯೇ ಮೌನವಾಯಿತು. ಅಷ್ಟರಲ್ಲಿ ಮೂಲೆಯ ಅಂಗಡಿಯ ಮುತ್ತಯ್ಯ ಟವೆಲ್ಲು ಹೆಗಲಿಗೆ ಎಸೆದುಕೊಂಡು ಓಡಿ ಬಂದ.

"ಏನಮ್ಮ, ಮಗ್ಗ ಎಲ್ಲಾ ನಿಂತೋಗವೆ. ಯಾರು ಓಗ್ಬುಟ್ರು?"

ದೇವೀರಮ್ಮ ಚೊಂಬು ಎತ್ತಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಯಾರೂ ಓಗ್ನಿಲ್ಲ ಕಣಪ್ಪ. ಓಗ್ಬಾರ್ದು ಅಂತಾನೇ ನಿಲ್ಸಿರಾದು."