ಮುನಿನಾರಾಯಣಪ್ಪನವರ ಬೆಲ್ಟು

ಮುನಿನಾರಾಯಣಪ್ಪನವರು ಹುಟ್ಟಿದಾಗಿನಿಂದ ಸೊಂಟಕ್ಕೆ ಬೆಲ್ಟು ಕಟ್ಟಿದವರಲ್ಲ. ಜಕ್ಕೂರಿನ ಹಳೇ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಹೊಲ ಇದ್ದಾಗಲೂ ಪಂಚೆ, ಹೊಲ ಹೋಗಿ ಅಲ್ಲಿ ಹದಿನಾಲ್ಕು ಮಹಡಿ ಎದ್ದ ಮೇಲೂ ಪಂಚೆ, ಮಗಳ ಮದುವೆಯ ರಿಸೆಪ್ಷನ್ನಿನಲ್ಲೂ ಪಂಚೆ. ಕುಡಿತದ ಮಾತಂತೂ ಬೇಡವೇ ಬೇಡ. ಕೆಮ್ಮಿನ ಔಷಧವನ್ನೂ ಮೂಸಿ ನೋಡಿ ಪಕ್ಕಕ್ಕಿಡುವ ಆಸಾಮಿ. ಇಂಥವರ ಒಬ್ಬನೇ ಮಗ ಅಶ್ವತ್ಥ್, ಗಂಗಾನಗರದ ಒಂದು ಪ್ರಾರ್ಥನಾ ಸಭೆಯಲ್ಲಿ ಮೈಕು ಹಿಡಿದು ಇನ್ನೂರು ಜನರ ಎದುರಿಗೆ ರ‍್ಯಾಪ್ ಹಾಡಿದ:

"ಕುಡಿದು ಬಂದ ಅಪ್ಪ, ಬಿಚ್ಚಿದ ಬೆಲ್ಟು,
ಅಮ್ಮನ ಕಣ್ಣೀರು, ನನ್ ಎದೇಲಿ ಗಂಟು..."

ಜನ ಅತ್ತರು. ಹಲ್ಲೆಲೂಯಾ ಎಂದು ಕೂಗಿದರು. ಹಾಡು ಮುಗಿದ ಮೇಲೆ ಹೆಂಗಸರು ಬಂದು ತಲೆ ಸವರಿದರು. ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಹೊರಬಂದದ್ದಕ್ಕೆ ಅವನಿಗೇ ಆಶ್ಚರ್ಯ.

ಹುಡುಗ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಲಹಂಕದ ಪಾರ್ಕೊಂದರಲ್ಲಿ ಮೂವರು ಗೆಳೆಯರು ಸೇರಿ ರ‍್ಯಾಪ್ ಕಟ್ಟುತ್ತಿದ್ದ ಕಾಲವೊಂದಿತ್ತು. ಒಬ್ಬ ಮುಂಬೈಗೆ ಹೋದ. ಇನ್ನೊಬ್ಬ ಮದುವೆಯಾಗಿ ಮಾವನ ನೀರಿನ ಟ್ಯಾಂಕರು ಓಡಿಸತೊಡಗಿದ. ಉಳಿದವನು ಅಶ್ವತ್ಥ್. ಹಗಲೆಲ್ಲ ಕೊರಿಯರ್ ಹಂಚುವುದು, ಮನೆಗೆ ಬಂದು ದನಿ ಹೊರಗೆ ಹೋಗದಿರಲೆಂದು ಕಂಬಳಿ ಹೊದ್ದು ಫೋನಿನ ಮುಂದೆ ಹಾಡುವುದು. ನೆಟ್ಟಿಗೆ ಹಾಕಿದ ಹಾಡನ್ನು ಹನ್ನೊಂದು ಸಲ ಕೇಳಿದ್ದಾರೆಂದು ಫೋನು ತೋರಿಸುತ್ತಿತ್ತು. ಅದರಲ್ಲಿ ಏಳು ಸಲ ಕೇಳಿದವನು ಅವನೇ.

ಹೀಗಿರುವಾಗ ಗಂಗಾನಗರದಲ್ಲಿ ಟೈಲ್ಸ್ ಅಂಗಡಿಯ ಮೇಲಿನ ಎರಡನೇ ಮಹಡಿಗೆ ಒಂದು ಪಾರ್ಸಲ್ ಕೊಡಲು ಹೋದ. ಬಾಗಿಲು ತೆರೆದಿತ್ತು. ಒಳಗೆ ಖಾಲಿ ಕುರ್ಚಿಗಳು, ಎರಡು ಒಳ್ಳೆಯ ಸ್ಪೀಕರು, ಸ್ಟ್ಯಾಂಡಿನಲ್ಲಿ ಒಂದು ಮೈಕು. ಹೋದ ಕೆಲಸ ಮರೆತು ಅದನ್ನೇ ನೋಡುತ್ತ ನಿಂತ.

"ಒಂದ್ಸಲ ಹಾಡ್ಲಾ ಸಾರ್?" ಎಂದು ಕೇಳಿದ.

ಪಾಸ್ಟರ್ ಸುಬ್ರಮಣಿ ಪಾರ್ಸಲ್ಲಿಗೆ ಸಹಿ ಹಾಕುತ್ತ, "ಹಾಡಪ್ಪ. ಬೈಗುಳ ಮಾತ್ರ ಬೇಡ, ಕೆಳಗಡೆ ಟೈಲ್ಸ್ ಅಂಗ್ಡೀಗೂ ಕೇಳ್ಸುತ್ತೆ" ಎಂದರು.

ಆಮೇಲೆ ನಾಲ್ಕು ತಿಂಗಳು ಅವನು ಅಲ್ಲಿಗೆ ಹೋದದ್ದು ಮೈಕಿನ ಆಸೆಗೇ. ಪ್ರಾರ್ಥನೆ ಎಂದರೆ ಅವನಿಗೆ ನಡುವೆ ಬರುವ ಜಾಹೀರಾತಿನ ಲೆಕ್ಕ. ಮುಗಿಯಲಿ ಎಂದು ಕಾಯುತ್ತಿದ್ದ. ಏಪ್ರಿಲಿನ ಒಂದು ಬುಧವಾರ ಮಧ್ಯಾಹ್ನ ಕರೆಂಟು ಹೋಯಿತು. ಮೈಕಿಲ್ಲ, ಫ್ಯಾನಿಲ್ಲ, ಹನ್ನೆರಡು ಜನ ಬೆವರುತ್ತ ಕುಳಿತಿದ್ದರು. ಸೊಪ್ಪು ಮಾರುವ ಮುನಿಕೆಂಪಮ್ಮ ಎಂಬ ಮುದುಕಿ ಕಣ್ಣು ಮುಚ್ಚಿ ಜೋರಾಗಿ ಪ್ರಾರ್ಥಿಸಿದಳು: "ಸ್ವಾಮಿ, ಈ ಮಗ ಎಂಗ್ ಕುಂತವ್ನೆ ನೋಡಪ್ಪ. ಇಷ್ಟ್ ಜನ ಇದ್ರೂವೆ ಒಬ್ನೇ ಅವ್ನೆ. ನೀನಾದ್ರೂ ಇವನ್ ಪಕ್ಕ ಕುಂತ್ಕೋ."

ಅಷ್ಟೇ. ಆಕಾಶ ಬಿರಿಯಲಿಲ್ಲ. ಆದರೆ ಪಕ್ಕದ ಖಾಲಿ ಕುರ್ಚಿ ಆಗ ಖಾಲಿ ಇದೆ ಎಂದು ಅವನಿಗೆ ಅನ್ನಿಸಲಿಲ್ಲ. ಗೆಳೆಯರು ಹೋದಾಗ ಬಾರದಿದ್ದ ಅಳು ಅವತ್ತು ಬಂತು. ಆ ವರ್ಷವೇ ದೀಕ್ಷಾಸ್ನಾನ ತೆಗೆದುಕೊಂಡ.

ಮನೆಯಲ್ಲಿ ಯಾರೂ ರಂಪ ಮಾಡಲಿಲ್ಲ. "ಯಾವ್ ದೇವ್ರಾದ್ರೂ ಸರಿ, ಹೊತ್ತೊತ್ತಿಗೆ ಉಣ್ಣು" ಎಂದರು ಮುನಿನಾರಾಯಣಪ್ಪ. ದೇವರಿಗೆ ಎಡೆ ಇಟ್ಟದ್ದನ್ನು ಮಗ ಮುಟ್ಟುವುದಿಲ್ಲವೆಂದು ತಿಳಿದ ಮೇಲೆ ತಾಯಿ ಅಂಜನಮ್ಮ ಹಬ್ಬದ ದಿನ ಎಡೆಗೆ ಮೊದಲೇ ಅವನ ಪಾಲು ತೆಗೆದು ಬೇರೆ ಡಬ್ಬಿಗೆ ಹಾಕಿಟ್ಟರು. ಎಲ್ಲರೂ ಎಲೆ ಹಾಕಿಕೊಂಡು ಕುಳಿತಾಗ ಇವನೊಬ್ಬ ಡಬ್ಬಿ ತೆರೆದು ತಿನ್ನುವುದು. ಬೈದಿದ್ದರೆ ತಾಳಿಕೊಳ್ಳುತ್ತಿದ್ದ, ಆ ಡಬ್ಬಿಯನ್ನು ತಾಳಲಾರದೆ ಗಂಗಾನಗರದಲ್ಲಿ ಒಂದು ರೂಮು ಮಾಡಿಕೊಂಡು ಹೋದ.

ಇನ್ನು ಬೆಲ್ಟಿನ ವಿಷಯ. ಆ ಸಭೆಯಲ್ಲಿ ಹೊಸಬರು ಸಾಕ್ಷಿ ಹೇಳಬೇಕು. ಮೊದಲು ಹೇಗಿದ್ದೆ, ದೇವರು ಹೇಗೆ ಹಿಡಿದ, ಈಗ ಹೇಗಿದ್ದೇನೆ, ಎಲ್ಲರೆದುರು ನಿಂತು ಹೇಳುವುದು. ಅಶ್ವತ್ಥನ ಸರದಿಗೆ ಮುಂಚೆ ಎದ್ದವನು ಬಾಲರಾಜು, ಹಿಂದೊಮ್ಮೆ ರೌಡಿ. ಅಂಗಿ ಎತ್ತಿ ಮಚ್ಚಿನ ಗಾಯ ತೋರಿಸಿದ. ಸಭೆ ನಡುಗಿತು. ಆಮೇಲೆ ಏಳಬೇಕಾದವಳು ಹೊಟ್ಟೆಯ ಗಡ್ಡೆ ಕರಗಿದ ಹೆಂಗಸು. ಇವರ ನಡುವೆ ಇವನು ಏನು ಹೇಳಬೇಕು? ಮೈಕಿನ ಆಸೆಗೆ ಬಂದೆ, ಕರೆಂಟ್ ಹೋಯಿತು, ಅತ್ತೆ ಎನ್ನಬೇಕೆ? ಇದಕ್ಕೆ ಯಾರು ಹಲ್ಲೆಲೂಯಾ ಕೂಗುತ್ತಾರೆ? ತನಗೊಂದು ಗಾಯವೂ ಇಲ್ಲವಲ್ಲ ಎಂದು ನಾಚಿಕೆಯಾಯಿತು. ಬಾಯಿ ತೆರೆದಾಗ ಕುಡುಕ ಅಪ್ಪನೊಬ್ಬ ಬೆಲ್ಟು ಹಿಡಿದು ಹೊರಗೆ ಬಂದ.

ಒಂದು ವರ್ಷ ಅದೇ ಹಾಡು. ಹೆಬ್ಬಾಳದಲ್ಲಿ ಹಾಡಿದ, ಯಶವಂತಪುರದಲ್ಲಿ ಹಾಡಿದ. ಹೋದ ಹೋದ ಕಡೆ ಬೆಲ್ಟು ಉದ್ದವಾಯಿತು. ಅದಕ್ಕೊಂದು ಹಿತ್ತಾಳೆಯ ಬಕಲ್ಲೂ ಬಂತು. ಕಾರ್ಯಕ್ರಮ ಮುಗಿದರೆ ಜನ ಸಾಲುಗಟ್ಟಿ ತಬ್ಬಿಕೊಳ್ಳುತ್ತಿದ್ದರು. ರೂಮಿಗೆ ಬಂದು ಮೊಸರನ್ನ ಕಲಸುವಾಗ ಅವನಿಗೆ ಮೊದಲಿಗಿಂತ ಹೆಚ್ಚು ಒಂಟಿಯೆನಿಸುತ್ತಿತ್ತು. ಅವರು ತಬ್ಬಿಕೊಂಡದ್ದು ಏಟು ತಿಂದ ಯಾವನೋ ಹುಡುಗನನ್ನು. ಇವನನ್ನು ಯಾರೂ ಮುಟ್ಟಿರಲಿಲ್ಲ. ಪ್ರಾರ್ಥನೆಗೆ ಕುಳಿತರೂ ಎರಡು ಮಾತಾಡಿ ಎದ್ದುಬಿಡುತ್ತಿದ್ದ.

ಬಾಗಲೂರಿನಲ್ಲಿ ಮೂರು ದಿನದ ದೊಡ್ಡ ಸಭೆ ನಿಗದಿಯಾಯಿತು. ಭಾನುವಾರ ಸಂಜೆ ಅಶ್ವತ್ಥನ ಸಾಕ್ಷಿ. ಅದಾದ ಮೇಲೆ ಅವನು ಕೊರಿಯರ್ ಬಿಟ್ಟು ಪೂರ್ತಿ ಸಂಗೀತದ ಸೇವೆಗೇ ಬರಬೇಕು, ಯುವಕರ ಹಾಡಿನ ತಂಡ ನಡೆಸಬೇಕು ಎಂದು ಪಾಸ್ಟರ್ ಹೇಳಿಯಾಗಿತ್ತು. ಅವನು ಬೇಡಿಕೊಂಡದ್ದೂ ಅದನ್ನೇ. ಸಭೆಯ ಕ್ಯಾಮೆರಾ ನೋಡಿಕೊಳ್ಳುವ ನಂದಿತಾ, ಪ್ರಚಾರಕ್ಕೆಂದು ಅವನ ಹಾಡಿನ ವಿಡಿಯೋ ಹರಿಯಬಿಟ್ಟಳು. ಶುಕ್ರವಾರ ಅಂಜನಮ್ಮನ ಫೋನು ಬಂತು.

"ಉಂಡ್ಯೇನೋ?"

"ಹ್ಞೂ ಅಮ್ಮ."

"ನೀನ್ ಹಾಡಿರೋದು ಊರೋರ್ ಫೋನ್ಗೆಲ್ಲ ಬಂದೈತೆ."

ಅಶ್ವತ್ಥ್ ಎದ್ದು ರೂಮಿನ ಬಾಗಿಲು ಮುಚ್ಚಿದ. "ಅಪ್ಪ ಬೈದ್ರಾ?"

"ಬೈದಿದ್ರೆ ಚೆನ್ನಾಗಿರ್ತಿತ್ತು. ಮೂರ್ ದಿನದಿಂದ ಒಂದೇ ಕೇಳ್ತಾವ್ರೆ. 'ಇವ್ಳೇ, ನಾನ್ ಯಾವತ್ತಾದ್ರೂ ಕುಡ್ದ್ ಬಂದು ಮಗೂನ ಹೊಡ್ದು ಮರ್ತ್‌ಬಿಟ್ಟಿದೀನಾ? ದೇವ್ರ ಮುಂದೆ ನಿಂತು ಅವ್ನ್ಯಾಕೆ ಸುಳ್ ಹೇಳ್ತಾನೆ?' ಅಂತ. ಇಲ್ಲ ಅಂದ್ರೆ ನಂಬ್ತಾ ಇಲ್ಲ ಕಣೋ. ನಿನ್ನ್ ಮಾತ್ನೇ ನಂಬವ್ರೆ."

ಅಂಜನಮ್ಮ ಅಳಲಿಲ್ಲ, ಶಾಪ ಹಾಕಲಿಲ್ಲ, ಫೋನು ಇಟ್ಟರು. ಅಶ್ವತ್ಥ್ ರೂಮಿನ ನೆಲದ ಮೇಲೆ ಕುಳಿತುಬಿಟ್ಟ. ಅಪ್ಪ ಎಗರಾಡುತ್ತಾರೆ, ಮುಖ ನೋಡಬೇಡ ಎನ್ನುತ್ತಾರೆ, ಇದನ್ನೆಲ್ಲ ಅವನು ಯಾವಾಗಲೋ ಊಹಿಸಿದ್ದ. ಮಗನ ಮಾತು ಉಳಿಸಲು ಅಪ್ಪ ತನ್ನ ಜೀವಮಾನವನ್ನೇ ಅನುಮಾನಿಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಬಾಗಲೂರಿನ ಶಾಮಿಯಾನದಲ್ಲಿ ಸಾವಿರ ಕುರ್ಚಿ ತುಂಬಿದ್ದವು. "ಕುಡುಕ ತಂದೆಯ ಕೈಯಿಂದ ದೇವರು ಬಿಡಿಸಿದ ಮಗ" ಎಂದು ಪಾಸ್ಟರ್ ಸುಬ್ರಮಣಿ ಪ್ರೀತಿಯಿಂದ ಪರಿಚಯಿಸಿದರು. ಬೀಟ್ ಶುರುವಾಯಿತು. ಅಶ್ವತ್ಥ್ ಕೈ ಎತ್ತಿ ನಿಲ್ಲಿಸಿದ.

"ನಮ್ಮಪ್ಪ ಕುಡಿಯಲ್ಲ. ನನ್ನ ಹೊಡ್ದಿಲ್ಲ. ನಾನ್ ಒಂದ್ ವರ್ಷದಿಂದ ಸುಳ್ ಹೇಳ್ಕೊಂಡ್ ಬಂದಿದೀನಿ" ಎಂದ. ಬೀಟಿಲ್ಲದೆಯೇ ಎರಡು ಸಾಲು ಹೇಳಿದ:

"ಮೈಕಿನ ಆಸೆಗೆ ಮೆಟ್ಲು ಹತ್ತಿ ಬಂದೆ,
ಕರೆಂಟ್ ಹೋದಾಗ ನಿನ್ನ ಪಕ್ಕ ಕುಂತೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ವಿಮಾನವೊಂದು ತೀರ ಕೆಳಗಿನಿಂದ ಹಾರಿಹೋಯಿತು. ಅದು ದೂರವಾಗುವವರೆಗೆ ಎಲ್ಲರೂ ಅವನನ್ನೇ ನೋಡುತ್ತಿದ್ದರು.

ವೇದಿಕೆಯ ಹಿಂದೆ ಪಾಸ್ಟರ್ ಮುಖ ಬಾಡಿತ್ತು. "ಎಷ್ಟ್ ಸಭೇಲಿ ಇದನ್ನ ಸತ್ಯ ಅಂತ ಹೇಳಿದೀನಿ ಅಶ್ವತ್ಥ್! ನಂಬಿ ಹೇಳಿದೀನಿ."

"ತಪ್ಪಾಯ್ತು ಪಾಸ್ಟರ್."

"ಸ್ವಲ್ಪ ಕಾಲ ಕೆಳಗಡೆ ಕೂತ್ಕೋ. ಹಾಡೋದು ಬೇಡ, ತಂಡಾನೂ ಬೇಡ. ಬರೋದ್ ಮಾತ್ರ ಬಿಡ್ಬೇಡ."

ನ್ಯಾಯವಾದ ಮಾತು, ಅದಕ್ಕೇ ಹೆಚ್ಚು ನೋವಾಯಿತು. ಮರುದಿನ ಬೆಳಗ್ಗೆ ಎದ್ದು ಫೋನು ನೋಡಿದ. ಹಳೆಯ ವಿಡಿಯೋ ಇನ್ನೂ ಊರೆಲ್ಲ ಸುತ್ತುತ್ತಿತ್ತು. ನಿನ್ನೆ ಹೇಳಿದ್ದನ್ನು ಯಾರೂ ಯಾರಿಗೂ ಕಳಿಸಿರಲಿಲ್ಲ. ಯಾರು ಕಳಿಸುತ್ತಾರೆ? ಅದರಲ್ಲಿ ಅಳುವಂಥದ್ದೇನೂ ಇರಲಿಲ್ಲ. ಬಸ್ಸು ಹತ್ತಿ ಜಕ್ಕೂರಿಗೆ ಹೋದ.

ಮುನಿನಾರಾಯಣಪ್ಪನವರು ಬಾಗಿಲ ಮುಂದೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. ವಾರದ ಗಡ್ಡ. ಮಗನನ್ನು ಕಂಡು ಮೊರ ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ದಾರಿಯುದ್ದಕ್ಕೂ ಅಶ್ವತ್ಥ್ ಜೋಡಿಸಿಕೊಂಡಿದ್ದ ಮಾತು ತೆಗೆಯುವ ಮೊದಲೇ ಅವರು ಶುರು ಮಾಡಿದರು.

"ಕೂತ್ ಯೋಚ್ನೆ ಮಾಡ್ದೆ ಕಣಪ್ಪ. ನೆನಪಾಯ್ತು. ಒಂದ್ಸಲ ಹೊಡ್ದಿದೀನಿ. ನಿಂಗಾಗ ಐದೋ ಆರೋ ವರ್ಷ, ಹೇಳ್ದೆ ಕೇಳ್ದೆ ಕೆರೆಗಿಳ್ದಿದ್ದೆ. ಎಳ್ಕೊಂಡ್ ಬಂದು ಕೆನ್ನೆಗೆ ಬಾರಿಸ್ದೆ. ಹೆದ್ರಿಕೆಗೆ ಹೊಡ್ದಿದ್ದು." ಪಂಚೆಗೆ ಕೈ ಒರೆಸಿಕೊಂಡರು. "ಅವತ್ತು ಕುಡ್ದಿರ್ಲಿಲ್ಲ ಅನ್ಕೋತೀನಿ. ತಪ್ಪಾಯ್ತು ಮಗ, ಮನಸ್ಸಲ್ಲಿಟ್ಕೋಬೇಡ."

ಅಶ್ವತ್ಥ್ ಅಪ್ಪನ ಎರಡೂ ಕೈ ಹಿಡಿದುಕೊಂಡ. "ಕುಡ್ದಿರ್ಲಿಲ್ಲಪ್ಪ. ನೀನು ಯಾವತ್ತೂ ಕುಡ್ದಿಲ್ಲ. ನಾನೇ ಸುಳ್ ಹೇಳ್ದೆ."

"ಯಾಕೋ?"

"ಜನ ಅಳ್ಲಿ ಅಂತ."

ಮುನಿನಾರಾಯಣಪ್ಪನವರು ಮೊರ ತೊಡೆಯ ಮೇಲೆಳೆದುಕೊಂಡು ಕಾಯಿ ಬಿಡಿಸತೊಡಗಿದರು. ನಾಲ್ಕು ಕಾಯಿ ಬಿಡಿಸಿ ಕೈ ನಿಲ್ಲಿಸಿದರು.

"ನಿಜವಾಗ್ಲೂ ಕುಡ್ದಿರ್ಲಿಲ್ವಾ?" ಎಂದು ಕೇಳಿದರು.

"ಇಲ್ಲಪ್ಪ" ಎಂದ ಅಶ್ವತ್ಥ್.

ಅಂಜನಮ್ಮ ಊಟಕ್ಕೆ ಕರೆಯುವ ಹೊತ್ತಿಗೆ ಅವರು ಇನ್ನೂ ಮೂರು ಸಲ ಕೇಳಿದ್ದರು. ಅವನು ಮೇಲೇಳದೆ ಅಲ್ಲೇ ಕುಳಿತು, ಕೇಳಿದಾಗಲೆಲ್ಲ ಇಲ್ಲವೆಂದು ಹೇಳಿದ.