ಬಿಚ್ಚುವ ಕೈ

ಜಾದೂಗಾರ ಕನ್ನಡಿಯ ಮುಂದೆ ನಿಂತು ಎರಡೂ ಕೈ ಮೇಲೆತ್ತಿದ. ಮೈಮೇಲಿದ್ದ ನೇರಳೆ ಮಖಮಲ್ಲಿನ ಕೋಟು ಅವನ ಜೊತೆ ಬರಲು ಒಪ್ಪಲಿಲ್ಲ. ತೋಳುಗಳು ಹಿಂದಕ್ಕೆ ಜಗ್ಗಿದವು, ಬೆನ್ನ ಮೇಲೆ ಬಟ್ಟೆ ಗೂನು ಕಟ್ಟಿತು. ಇಳಿಸಿ, ಮತ್ತೊಮ್ಮೆ ಎತ್ತಿದ. ಹೊಲಿಗೆ ಅಂಗಡಿಯ ಯಂತ್ರಗಳು ಒಂದೊಂದಾಗಿ ಸುಮ್ಮನಾದವು.

"ಮಾಸ್ಟ್ರೇ, ಸಂಜೆ ಆಟ ಇದೆ. ನನ್ನ ಕಸುಬೆಲ್ಲ ತೋಳಲ್ಲೇ ಇರೋದು. ಇದನ್ನ ಹಾಕ್ಕೊಂಡು ಪಾರಿವಾಳ ತೆಗೆಯೋದಿರಲಿ, ತಲೆ ಕೆರ್ಕೊಳ್ಳೋಕೂ ಆಗಲ್ಲ."

ಮಾಸ್ಟರ್ ಕಂಕುಳ ಹತ್ತಿರ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದ. ಮುಖ ಬಿಳಿಚಿಕೊಂಡಿತು. ಎಡದ ತೋಳು ಬಲಕ್ಕೂ ಬಲದ ತೋಳು ಎಡಕ್ಕೂ ಕೂತಿದ್ದವು. ಮನೆಗೆ ಹೊರಡುವ ಅವಸರದಲ್ಲಿ ಹೊಲಿದದ್ದು. ಅದನ್ನು ಹೊಲಿದಿದ್ದ ತೋಳಿನ ಕೈಯವನು ತನ್ನ ಯಂತ್ರದ ಹಿಂದೆ ಆದಷ್ಟು ಚಿಕ್ಕವನಾಗಿ ಕೂತ.

ಆ ಅಂಗಡಿಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಾರು ಯಾವುದರಲ್ಲಿ ಪಳಗಿದ್ದಾರೋ ಅದೇ ಅವರ ಕೈ, ಅದೇ ಅವರ ಹೆಸರು. ಕಾಲರ್ ಹೊಲಿಯುವ ಮುದುಕ ಕಾಲರ್ ಕೈ. ಗುಂಡಿಗೆ ಕಾಜಾ ಮಾಡುವ, ನಾಲಿಗೆ ಸೂಜಿಗಿಂತ ಚೂಪಾದ ಹೆಂಗಸು ಕಾಜಾ ಕೈ. ಕೈ ಸಿಕ್ಕವರಿಗೆ ಕಿಟಕಿಯ ಸಾಲಿನಲ್ಲಿ ಜಾಗ, ಒರಗಲು ಕುರ್ಚಿ. ಮಾಸ್ಟರನ ಅಣ್ಣನ ಹೆಂಡತಿಗೆ ಮಾತ್ರ ಯಾವ ಕೈಯೂ ಇರಲಿಲ್ಲ. ಮಗಳ ಮದುವೆಯಾದ ಮೇಲೆ ಮನೆಯಲ್ಲಿ ಹೊತ್ತು ಹೋಗದೆ ಬಂದು ಸೇರಿದವಳು. ಮೈದುನ ಕರೆದಂತೆ ಎಲ್ಲರೂ, ಅವಳಪ್ಪನ ವಯಸ್ಸಿನ ಕಾಲರ್ ಕೈ ಕೂಡ, ಅತ್ತಿಗೆ ಎಂದೇ ಕರೆಯುತ್ತಿದ್ದರು. ನಂಟಸ್ತಿಕೆಯ ಮೇಲೆ ಬಂದು ಕೂತವಳು ಎಂದು ದಿನವೂ ನೆನಪಿಸಿದ ಹಾಗೆ.

ಅವಳು ಪ್ರಯತ್ನ ಬಿಟ್ಟಿರಲಿಲ್ಲ. ಅವಳು ಹೊಲಿದ ಕಾಲರ್ ಬೆಕ್ಕಿನ ಕಿವಿಯಂತೆ ನಿಂತಿತು. ಜೇಬು ಹೊಲಿಯಲು ಕೂತು ಅದರ ಬಾಯನ್ನೇ ಮುಚ್ಚಿ ಹೊಲಿದಳು. ಸಂಜೆ ಮನೆಗೆ ಹೋದರೆ ಗಂಡ ಬಾಗಿಲಲ್ಲೇ, "ಏನೇ, ಇವತ್ತಾದ್ರೂ ಯಾವ್ದಾದ್ರೂ ಕೈ ಹತ್ತಿತಾ?" ಎಂದು ಕೆಣಕುತ್ತಿದ್ದ. ಅವಳೂ ನಕ್ಕುಬಿಡುತ್ತಿದ್ದಳು. ಆದರೆ ಬೆಳಿಗ್ಗೆ ಬಂದು ಮೂಲೆಯ ಗಿಡ್ಡ ಸ್ಟೂಲಿನ ಮೇಲೆ ಕೂರುವಾಗ ಕಣ್ಣು ಕಿಟಕಿಯ ಕಡೆಗೇ ಹೋಗುತ್ತಿತ್ತು. ಮೂಲೆಯಲ್ಲಿ ಅವಳ ಕೆಲಸ, ಮಿಕ್ಕವರು ತಪ್ಪಾಗಿ ಹೊಲಿದದ್ದನ್ನು ಬಿಚ್ಚಿಕೊಡುವುದು. ಅದನ್ನು ಯಾರೂ ಕೆಲಸವೆಂದು ಎಣಿಸಿರಲಿಲ್ಲ. ಪಕ್ಕದ ಮನೆಯಿಂದ ಸಕ್ಕರೆ ಕಡ ತರುವವರಂತೆ, ಮಾಸ್ಟರನ ಕಣ್ಣು ತಪ್ಪಿಸಿ ತಂದು ಅವಳ ಮಡಿಲಿಗೆ ಹಾಕಿ ಹೋಗುತ್ತಿದ್ದರು.

ತೋಳಿನ ಕೈಯವನು ಕೊನೆಗೆ ಎದ್ದು ಬಂದು, ಜಾದೂಗಾರ ಬಿಚ್ಚಿಟ್ಟ ಕೋಟಿಗೆ ಬ್ಲೇಡು ಹಚ್ಚಲು ಹೋದ.

"ಮುಟ್ಟಬೇಡ," ಎಂದಳು ಅತ್ತಿಗೆ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಆ ಅಂಗಡಿ ಕೇಳಿರಲಿಲ್ಲ. "ಮಖಮಲ್ಲದು. ದಾರ ಎಳೆದ್ರೆ ಗಾಯ ಉಳಿಯುತ್ತೆ. ಇಲ್ಲಿ ಕೊಡು."

ಮಾಸ್ಟರ್ ಹಣೆ ಒರೆಸಿಕೊಂಡ. "ಅತ್ತಿಗೆ, ಮಿಕ್ಕಿದ ಬಟ್ಟೆ ಒಂದು ಗೇಣೂ ಇಲ್ಲ. ಹರಿದ್ರೆ ನನ್ನ ಮಾನ ಹೋಗುತ್ತೆ."

"ಹೋದ್ರೆ ಅದರ ಜೊತೆ ನಾನೂ ಮನೆಗೆ ಹೋಗ್ತೀನಿ ಬಿಡಪ್ಪ."

ಕೋಟನ್ನು ಒಳಮಗ್ಗುಲಾಗಿ ತಿರುಗಿಸಿ ಮಡಿಲಲ್ಲಿ ಹರಡಿಕೊಂಡಳು. ಬ್ಲೇಡಿನ ತುದಿಯಿಂದ ಒಂದು ಹೊಲಿಗೆ ಕತ್ತರಿಸಿದಳು, ಎರಡು ಬಿಟ್ಟಳು, ಮತ್ತೊಂದು ಕತ್ತರಿಸಿದಳು. ಬಟ್ಟೆಯನ್ನು ಎಲ್ಲಿಯೂ ಜಗ್ಗಲಿಲ್ಲ. ತೋಳಿನ ಸುತ್ತ ಹೀಗೆ ಮುಗಿಸಿದ ಮೇಲೆ ಅಡಿಯ ದಾರದ ತುದಿ ಹಿಡಿದರೆ ಅದು ತಾನೇ ಹೊರಟು ಬಂತು, ಮಲಗಿದ ಮಗುವಿನ ತಲೆಯಡಿಯಿಂದ ಕೈ ಬಿಡಿಸಿಕೊಂಡಷ್ಟು ಮೆತ್ತಗೆ. ತೋಳುಗಳು ಬಿಡಿಯಾದವು. ಆಮೇಲೆ ಟೀ ಕಾಯಿಸುವ ಕೆಟಲ್ ಇಟ್ಟು, ಸೂಜಿ ಹೊಕ್ಕ ಸಾಲಿಗೆ ಹಿಂದಿನಿಂದ ಆವಿ ತೋರಿಸಿ, ಮುಂದಿನಿಂದ ಮೆತ್ತನೆಯ ಬ್ರಷ್ಷಿನಲ್ಲಿ ಸವರಿದಳು. ಕಾಲರ್ ಕೈ ಕನ್ನಡಕ ಏರಿಸಿಕೊಂಡು ಹುಡುಕಿದ. ತೂತು ಎಲ್ಲಿತ್ತೆಂದು ಅವನಿಗೂ ತಿಳಿಯಲಿಲ್ಲ.

ತೋಳಿನ ಕೈಯವನು ಈ ಸಲ ಎರಡೆರಡು ಬಾರಿ ನೋಡಿಕೊಂಡು ಹೊಲಿದ. ಜಾದೂಗಾರ ತೊಟ್ಟು ಕೈ ಎತ್ತಿದ. ಕೋಟು ಸುಮ್ಮನೆ ಜೊತೆಗೆ ಹೋಯಿತು. ಇಳಿಸುವಾಗ ತೋಳಿನೊಳಗಿಂದ ಒಂದು ಕೆಂಪು ದಾರದ ಉಂಡೆ ಬಂತು. ಅದನ್ನು ಅತ್ತಿಗೆಯ ಅಂಗೈಯಲ್ಲಿಟ್ಟು, "ಇವರದು ಯಾವ ಕೈ?" ಎಂದು ಮಾಸ್ಟರನನ್ನು ಕೇಳಿದ.

"ಬಿಚ್ಚೋ... ಕೈ," ಎಂದು ಮಾಸ್ಟರ್ ತಡವರಿಸಿದ. ಬಿಚ್ಚುವ ಕೈ ಎಂದರೆ ಅಂಗಡಿಯವರು ತಪ್ಪು ಹೊಲಿಯುತ್ತಾರೆ ಎಂದು ಗಿರಾಕಿಗಳು ತಿಳಿದಾರು ಎಂದು ಕಾಲರ್ ಕೈ ಗೊಣಗಿದ.

"ತಪ್ಪು ಹೊಲಿಯಲ್ವಾ ಮತ್ತೆ?" ಎಂದಳು ಕಾಜಾ ಕೈ.

"ಹಾಗೇ ಕರೀರಿ," ಎಂದಳು ಅತ್ತಿಗೆ. "ಬಿಚ್ಚೋಳಿಗೇನು ನಾಚಿಕೆ? ನಾಚಿಕೆ ಏನಿದ್ರೂ ಹೊಲಿದೋರಿಗೆ."

ಮೊದಲು ನಕ್ಕವನು ತೋಳಿನ ಕೈಯವನೇ. ಆಮೇಲೆ ಮಾಸ್ಟರ್ ಹೊಟ್ಟೆ ಹಿಡಿದುಕೊಂಡ. ನಗು ನಿಂತ ಮೇಲೆ ಅವನೇ ಒಂದು ಕುರ್ಚಿ ಎತ್ತಿ ತಂದು, ಕಾಜಾ ಕೈಯನ್ನು ಅತ್ತ ಸರಿಸಿ, ಕಿಟಕಿಯ ಪಕ್ಕ ಇಟ್ಟ.

ಯಂತ್ರಗಳು ಮತ್ತೆ ಓಡಿದವು. ಸ್ವಲ್ಪ ಹೊತ್ತಿಗೆ ಒಂದು ಬಿಳಿ ಅಂಗಿ ಪಕ್ಕದಿಂದ ತೆವಳುತ್ತ ಅವಳ ಕಡೆ ಬಂತು. ಕಾಲರಿನ ಒಂದು ತುದಿ ಮುದುರಿತ್ತು. ಕಾಲರ್ ಕೈ ಚಾವಣಿ ನೋಡುತ್ತಿದ್ದ.

"ಬಿಚ್ಚೋ ಕೈ," ಎಂದ ಮೆಲ್ಲಗೆ, "ಸ್ವಲ್ಪ ನೋಡಮ್ಮ."

ಅವಳು ಅಂಗಿಯನ್ನು ಬೆಳಕಿಗೆ ಹಿಡಿದಳು. ಒಂದೊಂದೇ ಹೊಲಿಗೆ ಕತ್ತರಿಸಿ, ದಾರದ ಚೂರುಗಳನ್ನು ಉಫ್ ಎಂದು ಊದಿದಳು. ಅವು ಕಿಟಕಿಯ ಬಿಸಿಲಿನಲ್ಲಿ ಒಂದಷ್ಟು ಹೊತ್ತು ತೇಲಿ, ಬೀದಿಯ ಕಡೆ ಹೋದವು.